ಎಡ ಮುಂಗಾಲು

ಸಂಜೆ ಐದಕ್ಕೆ ಲಾಯದ ದೀಪ ಹತ್ತುತ್ತದೆ.
ಕರಾ ಬಯಲ ಮೇಲೆ ಕುರಿಗಳು ಬೆಳ್ಳಗೆ ಚೆದುರಿ,
ಕಿಲ್ಡೇರಿನ ಗಾಳಿ ಬಕೆಟ್ಟು ಉರುಳಿಸುತ್ತದೆ.
ನೋರೀನ್ ಗಿಲ್‌ಫಾಯಿಲ್ ಬರುತ್ತಾಳೆ,
ಮೈಮೇಲೆ ಗಂಡನ ಹಳೆ ಕೋಟು,
ಜೇಬಲ್ಲಿ ಪೆಪರ್‌ಮಿಂಟು.
ಒಂದೊಂದೇ ಬಾಗಿಲು ಹೊಕ್ಕು, ಬಗ್ಗಿ,
ಕುದುರೆಯ ಕಾಲಿಗೆ ಅಂಗೈ ಹಚ್ಚುತ್ತಾಳೆ.

ದಿನಕ್ಕೆರಡು ಹೊತ್ತು, ನಲವತ್ತು ವರ್ಷ,
ನೂರ ಇಪ್ಪತ್ತು ಕುದುರೆ, ಒಂದಕ್ಕೆ ನಾಲ್ಕು ಕಾಲು,
ಲೆಕ್ಕ ನೀವೇ ಹಾಕಿ. ನಾನು ಲಾಯದ ಮೇಸ್ತ್ರಿ,
ನನಗೆ ಓಟ್ಸಿನ ಲೆಕ್ಕ ಸಾಕು.

ಅಡುಗೆಮನೆಯ ಗೋಡೆ ತುಂಬ ಫೋಟೋ:
ಲಾಂಗ್‌ಶಾನಲ್ಲಿ ಕೆಸರು ಮೆತ್ತಿದ ಹೆಣ್ಣುಕುದುರೆ,
ಶಾ ಟಿನ್‌ನಲ್ಲಿ ಮಳೆ,
ದುಬೈಯಲ್ಲಿ ಯಾರೋ ಶೇಖನ ಪಕ್ಕ
ಟೊಪ್ಪಿ ಹಾರದಂತೆ ಹಿಡಿದು ನಿಂತವಳು.
ಪತ್ರಿಕೆಯವರು ಬಂದು ಗುಟ್ಟೇನು ಎಂದರೆ
"ಬೇಗ ಏಳುವುದು" ಅಂದು ಚಹಾಕ್ಕೆ ನೀರಿಡುತ್ತಾಳೆ.
ಗೋಡೆಯಲ್ಲೊಂದು ಮೊಳೆ ಮಾತ್ರ ಖಾಲಿ.
ಅದನ್ನು ಯಾರೂ ಕೇಳಿಲ್ಲ.

ಮೆಲ್ಬರ್ನ್. ನವೆಂಬರಿನ ಮೊದಲ ಮಂಗಳವಾರ.
ಊರಿಗೆ ಊರೇ ರಜೆ ಹಾಕಿ ಸಿಂಗರಿಸಿಕೊಂಡ ದಿನ.
ನಮ್ಮ ಬಟನ್ ಮೇಲೆ ಅರ್ಧ ಐರ್ಲೆಂಡಿನ ದುಡ್ಡು.
ನಸುಕಿನಲ್ಲಿ ಎಡ ಮುಂಗಾಲಿಗೆ ಕೈಯಿಟ್ಟವಳು
ತೆಗೆಯಲಿಲ್ಲ.
"ಬೆಚ್ಚಗಿದೆ," ಅಂದಳು.
ನಾನು ಮುಟ್ಟಿದೆ: ಏನೂ ಇಲ್ಲ.
ಡಾಕ್ಟರು ಮುಟ್ಟಿದ, ಯಂತ್ರ ಹಚ್ಚಿದ: ಏನೂ ಇಲ್ಲ.
ಮಾಲೀಕ ಸೂಟಿನಲ್ಲೇ ಒಣಹುಲ್ಲಿಗೆ ಮಂಡಿಯೂರಿ ಮುಟ್ಟಿದ,
ಏನು ಹುಡುಕಬೇಕೆಂದೇ ತಿಳಿಯದೆ.
ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ;
ಅಂಗೈಗೆ ಮಾತ್ರ ಕಂಡದ್ದನ್ನು
ಯಾವ ಕನ್ನಡಿಯಲ್ಲಿ ಯಾರಿಗೆ ತೋರಿಸುವುದು?

ಕುದುರೆ ಓಡಲಿಲ್ಲ.
ಮುಂದಿನ ಶುಕ್ರವಾರದೊಳಗೆ ಹನ್ನೊಂದು ಕುದುರೆ
ಬೇರೆಯವರ ಲಾಯ ಸೇರಿದವು.
ಬಟನ್ ಕೂಡ ಹೋಗುತ್ತಿತ್ತು; ಅವಳು
ಹಿತ್ತಲ ಹೊಲ ಮಾರಿ ಅದನ್ನು ಖರೀದಿಸಿದಳು.
ಅಂದದ್ದು ಸರಿಯೋ ತಪ್ಪೋ,
ಓಡದ ರೇಸಿಗೆ ಫೋಟೋ ಫಿನಿಷ್ ಇಲ್ಲ.

ಈಗ ಅವಳ ಬೆರಳು ಹಸಿಶುಂಠಿಯ ಹಾಗೆ ಗಂಟುಗಂಟು.
ಚಹಾದ ಕಪ್ಪು ಕೂಡ ಅಂಗೈಗೆ ಸುಡುವುದಿಲ್ಲ.
ಲೈಸೆನ್ಸು ಮಗಳ ಹೆಸರಲ್ಲಿ.
ಆದರೂ ಐದಕ್ಕೆ ಬರುತ್ತಾಳೆ,
ಬಗ್ಗುತ್ತಾಳೆ, ಕೈಯಿಡುತ್ತಾಳೆ,
ಆಮೇಲೆ ನನ್ನ ಕಡೆ ನೋಡುತ್ತಾಳೆ.
ನಾನು ಮುಟ್ಟಿ ಹೇಳಬೇಕು,
ಅವತ್ತು ಏನೂ ಇಲ್ಲ ಅಂದವನು.

ಕೊನೆಯ ಬಾಗಿಲು ಬಟನ್‌ದು.
ಇಪ್ಪತ್ತಾರು ವರ್ಷ, ಬೆನ್ನು ಜೋಲಿ, ಹಲ್ಲು ಅರ್ಧ.
ಅವಳ ಹೆಜ್ಜೆ ಕೇಳಿದ್ದೇ ತಡ
ಎಡ ಮುಂಗಾಲನ್ನು ತಾನಾಗಿ ಎತ್ತಿ ಕೊಡುತ್ತದೆ,
ಪೆಪರ್‌ಮಿಂಟಿನ ಆಸೆಗೆ.