ಹೋಲ್ಡಾನ್

ಮಗಳು ಆವತ್ತು ಮನೆಗೆ ಬಂದಾಗ ಒಂದು ಗಂಟೆ ತಡ.
ಸುಂಕದಕಟ್ಟೆಯಲ್ಲಿ ಇಳಿಯಬೇಕಾದವಳು
ಬ್ಯಾಡರಹಳ್ಳಿಯವರೆಗೂ ಹೋಗಿ
ಅಲ್ಲಿಂದ ನಡೆದು ಬಂದಿದ್ದಳು.
ಬಾಗಿಲ ಹತ್ತಿರ ಜನ. ದಾರಿ ಬಿಡಿ ಅನ್ನಬೇಕಿತ್ತು,
ಹೋಲ್ಡಾನ್ ಅನ್ನಬೇಕಿತ್ತು.
"ಅನ್ನೋಷ್ಟರಲ್ಲಿ ಎಲ್ಲರೂ ನನ್ನೇ ನೋಡ್ತಿದ್ರು ಅಪ್ಪ."
ಯಾರೂ ನೋಡಿರುವುದಿಲ್ಲ, ನನಗೆ ಗೊತ್ತು.
ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ನಿಂತವನು,
ಕಂಡಕ್ಟರು.

ಹೆಂಗಸರ ಟಿಕೆಟ್ಟಿಗೆ ಈಗ ದುಡ್ಡಿಲ್ಲ,
ಇಳಿಯುವ ಜಾಗದ ಹೆಸರು ಹೇಳಿದರೆ ಸಾಕು.
ಆ ಒಂದು ಹೆಸರು ಎಷ್ಟು ದುಬಾರಿ ಎಂದು
ನನ್ನ ಮೆಷೀನು ಯಾವತ್ತೂ ತೋರಿಸಿರಲಿಲ್ಲ.

ರಾತ್ರಿ ಒಬ್ಬೊಬ್ಬರೇ ನೆನಪಾದರು.
ಸ್ಟಾಪು ದಾಟಿದ ಮೇಲೆ ಎದ್ದು ನಿಂತ ಹುಡುಗ.
ಚೀಲ ಎದೆಗವುಚಿ ಪಿಸುಗುಟ್ಟಿದ ಹುಡುಗಿ,
ಅವಳಿಗೆ ನಾನು, ಹಿಂದಿನ ಸೀಟಿಗೂ ಕೇಳುವ ಹಾಗೆ,
"ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯೇನಮ್ಮ?"
ಬಸ್ಸೆಲ್ಲ ನಕ್ಕಿತ್ತು. ರೈಟ್ ರೈಟ್ ಅಂದಿದ್ದೆ.
ಟಿಕೆಟ್ಟಿನ ಹಿಂದೆ ಬರೆದು ಮರೆತ ಬಾಕಿ
ಇವತ್ತು ಮನೆಗೇ ಬಂದು ಕೇಳಿತು.

ಇಂಚರ ಅಂತ ಹೆಸರಿಟ್ಟವನು ನಾನೇ.
ನೆಂಟರು ಬಂದರೆ ಬಚ್ಚಲಲ್ಲಿ ಬಕೆಟ್ಟು ತುಂಬುವ ಸದ್ದು;
ಅವರು ಹೋಗುವವರೆಗೂ ತುಂಬುತ್ತಲೇ ಇರುತ್ತದೆ.
"ಸ್ವಲ್ಪ ನಾಚಿಕೆ ಇವಳಿಗೆ" ಎಂದು
ಡಾಕ್ಟರಿಗೆ, ಮೇಷ್ಟರಿಗೆ, ಅಳತೆ ಕೇಳುವ ಟೈಲರಮ್ಮನಿಗೂ
ನಾನೇ ಹೇಳಿ ಹೇಳಿ
ಅವಳ ಪಾಲಿನ ಮಾತನ್ನೂ ಹರಿದು
ಚೀಲಕ್ಕೆ ಹಾಕಿಕೊಂಡಿದ್ದೆ.

ಕಾಲೇಜಿನ ಕೌನ್ಸೆಲರ್ ಮೇಡಂ ಹೇಳಿದ್ದು ಕಡಿಮೆ:
ಧೈರ್ಯ ತಂದ್ಕೋ ಅನ್ನಬೇಡಿ. ಅವಳ ಬದಲು ಮಾತಾಡಬೇಡಿ.
ಚಿಕ್ಕದೊಂದು ಕೆಲಸ ಕೊಡಿ. ಆಮೇಲೆ ಕಾಯಿರಿ.
ಕಾಯುವುದು ನನಗೆ ಬಾರದ ವಿದ್ಯೆ.

ಭಾನುವಾರ, ಪೈಪ್‌ಲೈನ್ ರಸ್ತೆಯ ಬೇಕರಿ.
ಗಾಡಿ ಆಚೆ ಬದಿಗೆ ನಿಲ್ಲಿಸಿ
ಹೆಲ್ಮೆಟ್ ತೆಗೆಯದೆ ಕೂತೆ, ತೆಗೆದರೆ ಕೂಗಿಬಿಡುತ್ತೇನೆ ಎಂದು.
ಎರಡು ದಿಲ್‌ಪಸಂದ್. ಅಷ್ಟೇ ಅವಳು ಹೇಳಬೇಕಾದದ್ದು.
ಗಾಜಿನ ಮುಂದೆ ಅವಳ ಬೆನ್ನು.
ಹಿಂದೆ ಬಂದವರು ಮುಂದಾಗಿ ಕೊಂಡು ಹೋದರು,
ಟೀ ಕುಡಿಯುವವರಿಬ್ಬರು, ಸಿಗರೇಟಿನವನೊಬ್ಬ,
ಮಗು ಎತ್ತಿಕೊಂಡ ಹೆಂಗಸು.
ನನ್ನ ಗಂಟಲಲ್ಲಿ ವಿಸಿಲ್ಲು.
ಊದಲಿಲ್ಲ.

ಹನ್ನೊಂದು ನಿಮಿಷ.
ಪೊಟ್ಟಣ ಹಿಡಿದು ಬಂದಳು, ಕಿವಿ ಕೆಂಪು.
ಬಿಚ್ಚಿದರೆ ಖಾರಾ ಬನ್ನು, ಒಂದೇ ಒಂದು.
"ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಎರಡು ಸಲ ಹೇಳಿದೆ."

ಎರಡು ಸಲ!

ಭೇಷ್ ಅನ್ನಲಿಲ್ಲ ನಾನು. ಬಸ್ಸಿಗೆಲ್ಲ ಕೇಳಿಬಿಡುತ್ತಿತ್ತು.
"ವಾಪಸ್ ಹೋಗಿ ಕೇಳ್ಲಾ?" ಅಂದಳು, ಅಲ್ಲೇ ನಿಂತು.
ಬೇಡ, ಇದೇ ಇರಲಿ ಅಂದೆ.
ಬನ್ನು ಮುರಿದು ದೊಡ್ಡ ಚೂರು ಅವಳಿಗೆ ಕೊಟ್ಟೆ.
ಹಸಿಮೆಣಸಿನಕಾಯಿ ಸಿಕ್ಕಿ
ಇಬ್ಬರ ಕಣ್ಣಲ್ಲೂ ನೀರು.