ತೂಕದ ಚೀಟಿ

ಕೋಲಾರದ ಮಂಡಿಯಲ್ಲಿ ತೂಕ ಬರೆಯೋಳು ನಾನು.
ಬೆಳಗಿನ ಜಾವ ನಾಲ್ಕಕ್ಕೇ ಟೊಮೆಟೊ ಇಳಿಯುತ್ತದೆ,
ಹದಿನೈದು ಕೇಜಿ ಬಾಕ್ಸು, ಮೇಲೆ ಬಾಕ್ಸಿನದೇ ಒಂದೂವರೆ;
ಅದನ್ನು ಕಳೆದು ಬರೆಯಬೇಕು,
ಕಳೆಯದಿದ್ದರೆ ಕೊಂಡವನು ಬಿಡುತ್ತಾನಾ.

ಹಾಗಿದ್ದೂ ಹದಿನಾಲ್ಕು ವರ್ಷ
ನನ್ನ ಎದೆಯ ತೂಕ ನಾನೇ ಬರೆದುಕೊಳ್ಳಲಿಲ್ಲ.

ಇಪ್ಪತ್ತೇಳರಲ್ಲಿ ಹಾಕಿಸಿಕೊಂಡೆ. ಚೀಟಿ ಎತ್ತಿದ ದುಡ್ಡು.
ಗಂಡ ಕೇಳಿದ್ದಲ್ಲ, ಆಗ ಗಂಡನೇ ಇರಲಿಲ್ಲ.
ಕೇಳಿದವರಿಗೆಲ್ಲ ಹೊಟ್ಟೆಯಲ್ಲಿ ಗಡ್ಡೆ ಎಂದೆ.
ಎಂಟನೇ ಕ್ಲಾಸಿನ ಗಂಡು ಸಾಲು ಪೂರ್ತಿ
ನನ್ನನ್ನು ಹಲಗೆ ಅಂತಿತ್ತು.
ಡಾಕ್ಟರು ಇನ್ನೂರು ಸಾಕಮ್ಮ ಅಂದರು,
ನಾನು ನಾನೂರು ಅಂದೆ,
ಹರಾಜಿನಲ್ಲಿ ಕೂಗಿದ ಹಾಗೆ.

ಸುಳ್ಳು ಯಾಕೆ, ಖುಷಿಯಿತ್ತು.
ಗಿಣಿಹಸಿರು ರವಿಕೆ, ಪಿನ್ನಿಲ್ಲದೆ ಸೆರಗು ನಿಂತ ದಿನ
ದೊಡ್ಡಪೇಟೆಯ ಕನ್ನಡಿ ಅಂಗಡಿಯ ಮುಂದೆ
ಕೆಲಸವಿಲ್ಲದೆ ಎರಡು ಸಲ ಹಾದೆ.
ಅದು ತಪ್ಪೆಂದು ಈಗ ಬರೆದುಕೊಡಲಾರೆ
ಯಾರಿಗೂ.

ಆಮೇಲೆ ಹೆಗಲು. ಪಟ್ಟಿ ಕೊರೆದ ಎರಡು ಗೆರೆ,
ಬಾವಿ ಕಟ್ಟೆಯ ಕಲ್ಲನ್ನು ಹಗ್ಗ ಕೊರೆಯುತ್ತದಲ್ಲ, ಹಾಗೆ.
ಅಂತರಗಂಗೆಯ ಮೆಟ್ಟಿಲಲ್ಲಿ ಅರ್ಧಕ್ಕೇ ಕೂತು
ಕೋತಿಗೆ ಕಡ್ಲೆಕಾಯಿ ಹಾಕುವ ನೆಪ.
ಬೋರಲು ಮಲಗಿದರೆ ನಿದ್ದೆ ಹೇಗೆ ಬರುತ್ತಿತ್ತು
ಅನ್ನೋದೇ ಮರೆತುಹೋಗಿತ್ತು.

ಪೂರ್ತಿ ತೆಗೆದೇ ಬಿಡೋಣವಾ, ಹೊಸ ಡಾಕ್ಟರಮ್ಮ ಕೇಳಿದಳು,
ಇನ್ನೂ ಹುಡುಗಿ, ಚಿಂತಾಮಣಿ ಕಡೆಯ ಮಾತು.
"ಬ್ಯಾಡ, ಚಿಕ್ಕದು ಹಾಕು."
ಕಣ್ಣೆತ್ತಿ ನೋಡಿದಳು, ಪಶ್ಚಾತ್ತಾಪ ಹುಡುಕಿದಳೇನೋ.
ಅದು ನನ್ನ ಹತ್ತಿರ ಸ್ಟಾಕ್ ಇರಲಿಲ್ಲ.
ಚಿಕ್ಕ ಮನೆಗೆ ಹೋಗ್ತೀನಿ ಅಂದರೆ
ಬೀದಿಗೆ ಬೀಳ್ತೀನಿ ಅಂತಲಾ?

ತೆಗೆದವನ್ನು ಕೇಳಿ ಇಸಕೊಂಡೆ.
ಪ್ಲಾಸ್ಟಿಕ್ ಡಬ್ಬಿ, ಒಳಗೆ ಎರಡು,
ಗಂಜಿ ತೆಳಿಯ ಬಣ್ಣ, ಒಂದರ ಅಂಚು ಹಪ್ಪಳದ ಹಾಗೆ ಮಡಿಸಿತ್ತು.
ಐದು ವಾರ ಕಳೆದು ಕೆಲಸಕ್ಕೆ ಹೋದ ಮೊದಲ ಬೆಳಗ್ಗೆ
ಯಾರೂ ಬರುವ ಮುಂಚೆ ಸಣ್ಣ ತಕ್ಕಡಿಯ ಮೇಲಿಟ್ಟೆ.
ಡಬ್ಬಿಯದು ಕಳೆದು
ಎಂಟುನೂರ ಹತ್ತು ಗ್ರಾಂ.
ಈಗ ಒಳಗಿರುವುದು ನಾನೂರ ಐವತ್ತು, ಆಸ್ಪತ್ರೆಯ ಕಾಗದ ಹೇಳುತ್ತದೆ.
ವ್ಯತ್ಯಾಸ ಮುನ್ನೂರ ಅರವತ್ತು.
ಡಬ್ಬಿ ಇಳಿಸಿ ಹಣ್ಣಿಟ್ಟು ನೋಡಿದೆ:
ನಾಲ್ಕು. ನಾಲ್ಕೇ ಟೊಮೆಟೊ,
ಅದರಲ್ಲೂ ಒಂದು ದೋರೆಗಾಯಿ.

ಇಷ್ಟಕ್ಕಾ!
ನಗು ಬಂತು, ಹೊಲಿಗೆ ಹಾಕಿದ ಕಡೆ ಎಳೆಯಿತು, ಆದರೂ ನಕ್ಕೆ.
ಲಾರಿ ಕ್ಲೀನರ್ ಹುಡುಗ ಬಗ್ಗಿ, ಏನಕ್ಕಾ ಅದು ಅಂದ.
ಸ್ಯಾಂಪಲ್ಲು, ಅಂದೆ.

ಸಂಜೆ ಜಬೀನಾಳ ಅಂಗಡಿಗೆ ಹನ್ನೊಂದು ರವಿಕೆ ಹೊತ್ತೆ.
ಅವಳೊಬ್ಬಳಿಗೇ ಮೊದಲಿನಿಂದ ಗೊತ್ತು;
ಟೇಪಿಗೆ ಏನು ಮುಚ್ಚಿಡಲಾಗುತ್ತದೆ.
ಅಳೆದಳು, ಮತ್ತೆ ಅಳೆದಳು,
ಪುಸ್ತಕದಲ್ಲಿ ಹಳೆಯ ಅಳತೆ ಹೊಡೆದು ಹಾಕಲಿಲ್ಲ,
ಪಕ್ಕದಲ್ಲೇ ಹೊಸದು ಬರೆದಳು.
"ಎಲ್ಲಾರೂ ಬಿಡಿಸೋಕೆ ಬರ್ತಾರೆ,
ಹಿಡಿಸೋಕೆ ಬಂದೋಳು ನೀನೊಬ್ಬಳೇ,"
ಹಲ್ಲಿನ ನಡುವೆ ಗುಂಡುಪಿನ್ನು,
"ಬಟ್ಟೆ ಕತ್ತರಿಸಲ್ಲ, ಒಳಗೇ ಮಡಿಸ್ತೀನಿ. ಯಾರು ಕಂಡರು."

ಯಾರು ಕಂಡರು, ಅಂದೆ ನಾನೂ.
ಗಿಣಿಹಸಿರಿನದು ಮಾತ್ರ ಹಾಗೇ ಇರಲಿ ಅಂದೆ.
ಯಾಕೆ ಅಂತ ಅವಳು ಕೇಳಲಿಲ್ಲ. ಕೇಳಿದ್ದರೆ
ಏನು ಹೇಳುತ್ತಿದ್ದೆನೋ.

ಬೋರಲು ಮಲಗಲು ಇನ್ನೂ ಎರಡು ವಾರ ತಡಿ ಅಂದಿದ್ದಾಳೆ ಡಾಕ್ಟರಮ್ಮ.
ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದ್ದೇನೆ.
ದಿಂಬಿನ ಕವರು ಒಗೆದಿಟ್ಟಿದ್ದೇನೆ.