ಐದಕ್ಕೆ ಎರಡು

ಉಪ್ಪಳದಲ್ಲಿ, ಮೊಬೈಲ್ ಅಂಗಡಿಗೂ ಮೀನಿನ ಐಸಿನ ಗೂಡಿಗೂ ನಡುವೆ
ಕುಂಞಂಬುವಿನ ಪಚ್ಚೆಮದ್ದಿನ ಅಂಗಡಿ.
ನೆಗಡಿ, ಎಂದೆ.
ಕಟ್ಟಿದ ಮೂಗಿನಿಂದ ಅದು ದೆಗಡಿಯಾಗಿ ಹೊರಟಿತು.
"ಪನಿಯಾಣೋ?" ಅಂದ, ಕತ್ತೆತ್ತದೆ.

ನಮ್ಮ ಮನೆಯ ತುಳುವಿನಲ್ಲಿ ಪನಿ ಎಂದರೆ ತುಂತುರು.
ಹೊರಗೆ ನೋಡಿದೆ. ಹೆದ್ದಾರಿಯ ಧೂಳು ಬಿಟ್ಟರೆ
ಏನೂ ಬೀಳುತ್ತಿರಲಿಲ್ಲ.
ಹೂಂ, ಪದಿ, ಎಂದೆ.
ಮೈ ಸುಡುವಾಗ ವ್ಯಾಕರಣ ಎಂತ.

ಚಿನ್ನ ತೂಗುವಷ್ಟು ಸಣ್ಣ ತಕ್ಕಡಿ.
ಒಣಶುಂಠಿ, ಹಿಪ್ಪಲಿ, ಒಂದು ಹಿಡಿ ಒಳ್ಳೆಮೆಣಸು,
ಆಡುಸೋಗೆಯ ಮುರುಟಿದ ಎಲೆ.
"ನೆತ್ತಿಗೆ ರಾಸ್ನಾದಿ ತಿಕ್ಕಿ, ಟೀಚರೇ."
ನೂಲನ್ನು ಹಲ್ಲಿನಲ್ಲಿ ಕಡಿದ.

ಬಾಡಿಗೆ ಕೋಣೆಯ ಸ್ಟೌವಿನ ಮುಂದೆ ಪೊಟ್ಟಣ ಬಿಚ್ಚಿದರೆ
ಮೆಣಸಿನ ಕೆಳಗೆ ಕೆಂಪು ಶಾಯಿ.
ನನ್ನದೇ.
ಎಂಟನೆಯ ತರಗತಿ, ಯಾವ ವರ್ಷದ್ದೋ.
ಗಾದೆಯನ್ನು ವಿಸ್ತರಿಸಿ: ಹಿತ್ತಲ ಗಿಡ ಮದ್ದಲ್ಲ.
ಹೆಸರಿನ ಮೂಲೆ ಹರಿದು "ಆಯಿಷತ್ ಮಿ" ಅಷ್ಟೇ ಉಳಿದಿದೆ.
ಸಾಕು. ಮಿಸ್ರಿಯ. ಎರಡನೆಯ ಬೆಂಚು,
ಎಡಗೈ ಅಕ್ಷರ, ಬಲಕ್ಕೆ ವಾಲಿದ್ದು.

"ನಮಗೆ ಹಿತ್ತಲು ಇಲ್ಲ. ಕ್ವಾರ್ಟರ್ಸಿನ ಮೆಟ್ಟಿಲಲ್ಲಿ
ಪೈಂಟಿನ ಡಬ್ಬ ಇದೆ. ಅದರಲ್ಲಿ ಉಮ್ಮ ಪನಿಕೂರ್ಕ ನೆಟ್ಟಿದ್ದಾರೆ.
ತಮ್ಮನಿಗೆ ಪನಿ ಬಂದರೆ ಎಲೆ ಬಾಡಿಸಿ ಹಿಂಡುತ್ತಾರೆ.
ಮೇಲಿನ ಮನೆಯವರು ಕೇಳದೆ ಕೀಳುತ್ತಾರೆ.
ಈಗ ನಾಲ್ಕು ಎಲೆ ಮಾತ್ರ ಇದೆ.
ಆದ್ದರಿಂದ ಈ ಗಾದೆ ಸರಿಯಲ್ಲ."

ಪನಿಗೆ ಸುತ್ತು ಹಾಕಿ ಮೇಲೆ "ಜ್ವರ" ಎಂದು ಬರೆದಿದ್ದೆ.
ಪನಿಕೂರ್ಕದ ಮೇಲೆ ಅಡ್ಡಗೆರೆ: ದೊಡ್ಡಪತ್ರೆ.
ನಾಲ್ಕು ಎಲೆಯ ಪಕ್ಕದಲ್ಲಿ: ವಿಷಯಾಂತರ.
ಐದಕ್ಕೆ ಎರಡು.

ನೀರು ಕುದಿಯಿತು. ಕಾಗದ ಕೊಡವಿದೆ,
ಒಂದು ಮೆಣಸು ಮಡಿಕೆಯೊಳಗೆ ಸಿಕ್ಕಿ ಬೀಳಲೊಲ್ಲದು.
ತಲೆಗೆ ಬೈರಾಸು ಹೊದ್ದು ಪಾತ್ರೆಯ ಮೇಲೆ ಬಾಗಿದೆ.
ಒಳಗೆ ಕತ್ತಲೆ, ಕಣ್ಣು ಮೂಗಲ್ಲೆಲ್ಲ ನೀರು.
ತಮ್ಮ ಹೇಗಿದ್ದಾನೆ, ಆ ನಾಲ್ಕು ಎಲೆ ಎಂತಾಯಿತು,
ಅಂಚಿನಲ್ಲಿ ಅಷ್ಟು ಜಾಗ ಇತ್ತು,
ಕೇಳಬಹುದಿತ್ತು.

ಪದಿ, ಎಂದು ಹೇಳಿ ನೋಡಿದೆ, ಬೈರಾಸಿನೊಳಗೆ.
ಶುಂಠಿಯ ಖಾರ ಹಣೆಯವರೆಗೆ ಏರಿತು.
ಎಡಗಡೆಯ ಹೊಳ್ಳೆ ಟಪ್ಪೆಂದು ಬಿಟ್ಟಿತು.

ಪನಿ.